ತಟ್ಟೆಯಲ್ಲಿ ಸಾಯುವ ಕ್ಯಾನ್ಸರ್ ದೇಹದಲ್ಲಿ ಏಕೆ ಸಾಯುವುದಿಲ್ಲ?

ದಸರೆಗೆ ಕಾಡಿನ ಶಿಬಿರಗಳಿಂದ ಬಂದ ಆನೆಗಳನ್ನು ಮೈಸೂರಿನಲ್ಲಿ ಮೊದಲು ತೂಕಕ್ಕೆ ನಿಲ್ಲಿಸುತ್ತಾರೆ. ಅಂಬಾರಿ ಹೊರುವ ಅಭಿಮನ್ಯು 5,000 ಕಿಲೋ ದಾಟಿದ ಸುದ್ದಿಯನ್ನು ಮರುದಿನ ಮನೆಮಂದಿಯೆಲ್ಲ ಓದುತ್ತೇವೆ. ಅಷ್ಟು ದೊಡ್ಡ ದೇಹದಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಜೀವಕೋಶಗಳಿವೆ. ಕೋಶಗಳು ಒಡೆದು ಎರಡಾಗುವಾಗ ನುಸುಳುವ ತಪ್ಪುಗಳಿಂದ ಕ್ಯಾನ್ಸರ್ ಹುಟ್ಟುತ್ತದೆ ಎನ್ನುತ್ತಾರೆ. ಹಾಗಿದ್ದರೆ ಆನೆಗೆ ಅದು ನಮಗಿಂತ ಹೆಚ್ಚಾಗಿ ಬರಬೇಕಿತ್ತು. ಆದರೆ ಆನೆಗಳಲ್ಲಿ ಕ್ಯಾನ್ಸರ್ ಸಾವು ಮನುಷ್ಯರಿಗಿಂತ ಬಹಳ ಕಡಿಮೆ. ಬ್ರಿಟನ್ನಿನ ವಿಜ್ಞಾನಿ ರಿಚರ್ಡ್ ಪೀಟೊ 1970ರ ದಶಕದಲ್ಲಿ ಎತ್ತಿದ ಒಗಟು ಇದೇ: ದೇಹ ದೊಡ್ಡದಾದಂತೆ ಕ್ಯಾನ್ಸರ್ ಏಕೆ ಹೆಚ್ಚುವುದಿಲ್ಲ?

ಉತ್ತರದ ಒಂದು ತುಣುಕು 2015ರಲ್ಲಿ ಸಿಕ್ಕಿತು. ಪಿ53 ಎಂಬ ಪ್ರೋಟೀನನ್ನು ತಯಾರಿಸುವ ವಂಶವಾಹಿ ಮನುಷ್ಯನ ಪ್ರತಿ ಕೋಶದಲ್ಲಿ ಒಂದು ಜೊತೆ ಇದೆ. ಆನೆಯಲ್ಲಿ ಅಂಥ 20 ಜೊತೆಗಳಾದರೂ ಇವೆ. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದ ಕೂಡಲೇ ವಿಭಜನೆಯನ್ನು ನಿಲ್ಲಿಸುವುದು, ದುರಸ್ತಿಗೆ ಸಮಯ ಕೊಡುವುದು, ದುರಸ್ತಿಯಾಗದಿದ್ದರೆ ಆ ಕೋಶ ತಾನಾಗಿಯೇ ಸಾಯುವಂತೆ ಮಾಡುವುದು ಪಿ53ನ ಕೆಲಸ. ಆನೆಯ ರಕ್ತದ ಕೋಶಗಳಿಗೆ ವಿಕಿರಣ ತಾಗಿಸಿ ನೋಡಿದಾಗ ಅವು ಮನುಷ್ಯನ ಕೋಶಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಸತ್ತವು. ಕೆಟ್ಟ ಕೋಶವನ್ನು ಉಳಿಸಿಕೊಳ್ಳುವ ಗೋಜಿಗೆ ಆನೆಯ ದೇಹ ಹೋಗುವುದಿಲ್ಲ. ನಮ್ಮ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಪಿ53 ಹಾಳಾಗಿರುತ್ತದೆ.

ಕ್ಯಾನ್ಸರ್ ಸಂಶೋಧನೆ ಇಷ್ಟು ಕಷ್ಟವಾಗಲು ಕಾರಣವೂ ಇದರಲ್ಲೇ ಇದೆ. ಕ್ಷಯದ ರೋಗಾಣು ಹೊರಗಿನಿಂದ ಬಂದದ್ದು. ಅದಕ್ಕೂ ನಮಗೂ ರಚನೆಯಲ್ಲಿ ಬೇಕಾದಷ್ಟು ವ್ಯತ್ಯಾಸವಿದೆ, ಔಷಧ ಆ ವ್ಯತ್ಯಾಸವನ್ನು ಹಿಡಿದು ಹೊಡೆಯುತ್ತದೆ. ಕ್ಯಾನ್ಸರ್ ಕೋಶ ನಮ್ಮದೇ ಕೋಶ. ಬೆಳೆಯಲು, ರಕ್ತನಾಳ ಎಳೆದುಕೊಳ್ಳಲು, ಜಾಗ ಬದಲಿಸಲು ಅದು ಬಳಸುವ ಸಲಕರಣೆಗಳೆಲ್ಲ ತಾಯಿಯ ಗರ್ಭದಲ್ಲಿ ಭ್ರೂಣ ಬೆಳೆಯುವಾಗ, ಗಾಯ ಮಾಯುವಾಗ ದೇಹ ಬಳಸುವಂಥವೇ. ಅದನ್ನು ಕೊಂದು ಪಕ್ಕದ ಕೋಶವನ್ನು ಉಳಿಸುವುದು ಹೇಗೆ ಎಂಬುದಕ್ಕೆ ಲೋಕದ ಪ್ರಯೋಗಾಲಯಗಳು ಉತ್ತರ ಹುಡುಕುತ್ತಿವೆ.

ಮೈಸೂರಿನಲ್ಲೂ ಈ ಹುಡುಕಾಟ ನಡೆದಿದೆ. ಮಾನಸಗಂಗೋತ್ರಿಯ ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಹೊಸ ಹೊಸ ಅಣುಗಳನ್ನು ಕಟ್ಟಿ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುತ್ತಾರೆ. ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನಲ್ಲಿ ಅಣುಜೀವಶಾಸ್ತ್ರಕ್ಕೆಂದೇ ಒಂದು ಕೇಂದ್ರವಿದೆ. ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಆಹಾರ ಮತ್ತು ಸಾಂಬಾರ ಪದಾರ್ಥಗಳ ಒಳಗಿನ ಅಣುಗಳನ್ನು ದಶಕಗಳಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಇಂಥ ಕಡೆಗಳಿಂದ ಫಲಿತಾಂಶ ಹೊರಬಂದಾಗ ಪತ್ರಿಕೆಯಲ್ಲಿ, ಅದಕ್ಕಿಂತ ಬೇಗ ವಾಟ್ಸ್‌ಆ್ಯಪ್‌ನಲ್ಲಿ, ‘ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು’ ಎಂಬ ತಲೆಬರಹ ಕಾಣುತ್ತದೆ. ಮನೆಯಲ್ಲಿ ರೋಗಿ ಇರುವವರು ಆ ಸಾಲನ್ನು ಹೇಗೆ ಓದುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಆ ಸಾಲು ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ ಎಂದು ನನಗನ್ನಿಸುತ್ತದೆ: ಕ್ಯಾನ್ಸರ್ ಸತ್ತದ್ದು ಎಲ್ಲಿ? ಪ್ರಯೋಗಾಲಯದ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯನಲ್ಲೋ? ಈ ಲೇಖನವೆಲ್ಲ ಆ ಪ್ರಶ್ನೆಯ ವಿಸ್ತರಣೆ.

ಔಷಧದ ಮಾತಿಗೆ ಮೊದಲು ತಪ್ಪು ಹುಟ್ಟುವ ಬಗೆಯನ್ನು ನೋಡಬೇಕು. ಅದಕ್ಕೆ ಉದಾಹರಣೆ ನಮ್ಮ ಊರುಗಳಲ್ಲೇ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ತಂಬಾಕು ಸಾವಿರಾರು ಕುಟುಂಬಗಳ ಹೊಟ್ಟೆಪಾಡು. ಬ್ಯಾರನ್ನುಗಳಲ್ಲಿ ಬೇಯಿಸಿದ ಆ ಎಲೆಯ ಬಹುಪಾಲು ಸಿಗರೇಟಿಗೆ ಹೋಗುತ್ತದೆ. ಜಗಿಯುವವರು ಬಳಸುವುದು ಹೊಗೆಸೊಪ್ಪನ್ನು, ಕಡ್ಡಿಪುಡಿಯನ್ನು. ಎಲೆಯನ್ನು ಹದ ಮಾಡಿ ಒಣಗಿಸಿ ಇಡುವ ಹಂತಗಳಲ್ಲಿ ನೈಟ್ರೋಸಮೈನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಅವು ದೇಹದೊಳಗೆ ರೂಪಾಂತರಗೊಂಡು ಡಿಎನ್‌ಎಯ ಅಕ್ಷರಗಳಿಗೆ ಅಂಟಿಕೊಳ್ಳುತ್ತವೆ. ಅಂಟಿದ ಜಾಗದಲ್ಲಿ ಕೋಶ ನಕಲು ಮಾಡುವಾಗ ತಪ್ಪಕ್ಷರ ಬೀಳುತ್ತದೆ. ಹೀಗೆ ಬಿದ್ದ ತಪ್ಪುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಎಲ್ಲೋ ಒಂದು ಪಿ53ನಂಥ ವಂಶವಾಹಿಯ ಮೇಲೆ ಬೀಳುತ್ತದೆ. ಅದರ ಜೊತೆಗೆ ವರ್ಷಗಳ ಅಂತರದಲ್ಲಿ ಇನ್ನೂ ಕೆಲವು ಸೇರಬೇಕು. ಇಪ್ಪತ್ತು ವರ್ಷ ಜಗಿದವರಿಗೆ ಐವತ್ತರ ವಯಸ್ಸಿನಲ್ಲಿ ಕೆನ್ನೆಯ ಒಳಬದಿಯಲ್ಲಿ ಹುಣ್ಣು ಕಾಣಿಸಿಕೊಳ್ಳುವುದರ ಹಿಂದೆ ಈ ನಿಧಾನವಾದ ಲೆಕ್ಕವಿದೆ.

ಹೊಗೆಸೊಪ್ಪಿಲ್ಲದೆ ಬರೀ ಎಲೆ ಅಡಿಕೆ ಹಾಕಿದರೆ ಏನೂ ಆಗದು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ದೀರ್ಘಕಾಲ ಅಡಿಕೆ ಜಗಿದವರ ಕೆನ್ನೆಯೊಳಗಿನ ಪೊರೆ ಗಡುಸಾಗಿ, ಬಾಯಿ ಅಗಲವಾಗಿ ತೆರೆಯದ ಸ್ಥಿತಿ ಬರುತ್ತದೆ. ಅದು ಕ್ಯಾನ್ಸರ್‌ಗೆ ಮುಂಚಿನ ಹಂತ. ಈ ಭಾಗದ ಸಮಾರಂಭಗಳಲ್ಲಿ ತಾಂಬೂಲಕ್ಕಿರುವ ಗೌರವ ನನಗೆ ತಿಳಿದಿದೆ. ಅದನ್ನು ಕೈಯಲ್ಲಿ ಹಿಡಿಯುವುದಕ್ಕೂ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಇರುವ ಅಂತರವನ್ನು ಮಾತ್ರ ಹೇಳುತ್ತಿದ್ದೇನೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು ಸೇರುತ್ತಾರೆ. ಗಂಡಸರಲ್ಲಿ ಮೊದಲ ಸ್ಥಾನ ತುಟಿ ಮತ್ತು ಬಾಯಿಯ ಕ್ಯಾನ್ಸರ್‌ಗೆ.

ಪಿ53ನ್ನು ಮುರಿಯಲು ವೈರಸ್‌ಗೂ ಬರುತ್ತದೆ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್, ಇ6 ಎಂಬ ಪ್ರೋಟೀನಿನ ಮೂಲಕ ಪಿ53ನ್ನು ನಾಶಕ್ಕೆ ಗುರಿಮಾಡುತ್ತದೆ. ಈ ವೈರಸ್ಸಿಗೂ ಆ ಕ್ಯಾನ್ಸರ್‌ಗೂ ಇರುವ ನಂಟನ್ನು ತೋರಿಸಿದ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಮೈಸೂರಿನಲ್ಲೇ ಇರುವ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಇಲ್ಲಿನ ಮಹಿಳೆಯರಲ್ಲಿ ಎಚ್‌ಪಿವಿ ಕುರಿತು ಅಧ್ಯಯನಗಳನ್ನು ನಡೆಸಿದೆ. ಲಸಿಕೆಯಿಂದ ತಡೆಯಬಹುದಾದ ಕ್ಯಾನ್ಸರ್ ಇದು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಹೆಣ್ಣುಮಕ್ಕಳಿರುವ ಮನೆಯವರು ಮಕ್ಕಳ ವೈದ್ಯರನ್ನು ಇದರ ಬಗ್ಗೆ ಕೇಳಲೇಬೇಕು.

ಇನ್ನು ಪ್ರಯೋಗಾಲಯದ ಒಳಗೆ. ಕ್ಯಾನ್ಸರ್ ಪ್ರಯೋಗಾಲಯ ಎಂದರೆ ಹೊಗೆಯಾಡುವ ಬಣ್ಣದ ದ್ರವಗಳ ಕೋಣೆ ಎಂದುಕೊಂಡವರಿಗೆ ಅಲ್ಲಿನ ನೋಟ ತೀರ ಸಪ್ಪೆ ಎನಿಸಬಹುದು. ಫ್ರಿಜ್‌ನಂಥ ಒಂದು ಪೆಟ್ಟಿಗೆ. ಒಳಗೆ 37 ಡಿಗ್ರಿ ಶಾಖ, ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್. ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಗಳಲ್ಲಿ ನಸುಗೆಂಪು ದ್ರವ, ಅದರ ತಳಕ್ಕೆ ಅಂಟಿ ಬೆಳೆಯುವ ಕೋಶಗಳ ತೆಳ್ಳನೆಯ ಪದರ. ಕೆಲಸವಿಲ್ಲದಾಗ ಆ ಕೋಶಗಳನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ವರ್ಷಗಟ್ಟಲೆ ಮಲಗಿಸಿ ಇಡುತ್ತಾರೆ. ನಮ್ಮ ದೇಶದ ಪ್ರಯೋಗಾಲಯಗಳು ಇಂಥ ಕೋಶಗಳನ್ನು ಹೆಚ್ಚಾಗಿ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ತರಿಸಿಕೊಳ್ಳುತ್ತವೆ.

ದೇಹದ ಹೊರಗೆ ಕೊನೆಯಿಲ್ಲದೆ ಬೆಳೆದ ಮೊದಲ ಮಾನವ ಕೋಶಗಳು ಹೀಲಾ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ ತೆಗೆದವು. ಆ ವರ್ಷವೇ ಆಕೆ ತೀರಿಕೊಂಡರು. ಕೋಶಗಳು ಇಂದಿಗೂ ಬೆಳೆಯುತ್ತಿವೆ. ಸ್ತನ ಕ್ಯಾನ್ಸರ್‌ನ ಅಭ್ಯಾಸಕ್ಕೆ ಎಂಸಿಎಫ್-7, ಶ್ವಾಸಕೋಶದ್ದಕ್ಕೆ ಎ549 ಎಂಬ ಕೋಶಗಳು ಹೀಗೆಯೇ ದಶಕಗಳಿಂದ ಪ್ರಪಂಚದಾದ್ಯಂತ ಬಳಕೆಯಲ್ಲಿವೆ.

ಹೊಸ ಅಣುವೊಂದು ಬಂದಾಗ ಮೊದಲ ಪರೀಕ್ಷೆ ಸರಳ. ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಕೋಶಗಳನ್ನು ಬಿತ್ತುತ್ತಾರೆ. ಒಂದೊಂದು ಗುಳಿಗೂ ಔಷಧದ ಒಂದೊಂದು ಪ್ರಮಾಣ, ಕೆಲವಕ್ಕೆ ಔಷಧವೇ ಇಲ್ಲ. ಒಂದೆರಡು ದಿನ ಬಿಟ್ಟು ಹಳದಿ ರಾಸಾಯನಿಕವೊಂದನ್ನು ಸೇರಿಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ, ಸತ್ತದ್ದಕ್ಕೆ ಆ ಶಕ್ತಿ ಇಲ್ಲ. ನೇರಳೆ ಎಷ್ಟು ತೆಳುವಾಯಿತು ಎಂದು ಯಂತ್ರ ಅಳೆದರೆ ಎಷ್ಟು ಕೋಶ ಸತ್ತವೆಂದು ಗೊತ್ತಾಗುತ್ತದೆ. ಎಂಟಿಟಿ ಎಂಬ ಈ ಪರೀಕ್ಷೆಯನ್ನು ಮೈಸೂರಿನ ಸ್ನಾತಕೋತ್ತರ ವಿದ್ಯಾರ್ಥಿಗಳೂ ಮಾಡುತ್ತಾರೆ. ‘ಕ್ಯಾನ್ಸರ್ ಕೊಲ್ಲುವ ಗುಣ ಪತ್ತೆ’ ಎಂಬ ಸುದ್ದಿಗಳಲ್ಲಿ ಬಹುಪಾಲು ಈ ಹಂತದವು.

ಈ ಹಂತದಲ್ಲಿ ಗೆಲ್ಲುವುದು ತೀರ ಸುಲಭ. ಉಪ್ಪು, ಮದ್ಯ, ಸಾಬೂನು, ಬಿಸಿನೀರು ಯಾವುದನ್ನು ಸುರಿದರೂ ತಟ್ಟೆಯಲ್ಲಿನ ಕ್ಯಾನ್ಸರ್ ಕೋಶ ಸಾಯುತ್ತದೆ. ಆದ್ದರಿಂದ ಒಳ್ಳೆಯ ಸಂಶೋಧಕರು ಅದೇ ಪ್ರಮಾಣದಲ್ಲಿ ಆರೋಗ್ಯವಂತ ಕೋಶ ಸಾಯುವುದೇ ಎಂದು ಜೊತೆಯಲ್ಲೇ ನೋಡುತ್ತಾರೆ. ಕ್ಯಾನ್ಸರ್ ಕೋಶವನ್ನು ಕೊಲ್ಲಲು ಬೇಕಾದಷ್ಟು ಔಷಧ ರಕ್ತದಲ್ಲಿ ಸೇರಬಲ್ಲುದೇ, ಸೇರಿದರೂ ಎಷ್ಟು ಹೊತ್ತು ಉಳಿದೀತು, ಯಕೃತ್ತು ಅದನ್ನು ಒಡೆದು ಹಾಕೀತೇ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ.

ಅರಿಶಿನದ ಕಥೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಮ್ಮ ಸುತ್ತ ಅದರಷ್ಟು ಭರವಸೆ ಹುಟ್ಟಿಸಿದ ಪದಾರ್ಥ ಇನ್ನೊಂದಿಲ್ಲ. ಅರಿಶಿನದೊಳಗಿನ ಕರ್ಕ್ಯುಮಿನ್ ತಟ್ಟೆಯಲ್ಲಿ ಹಲವು ಬಗೆಯ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಇದು ಸುಳ್ಳಲ್ಲ. ತೊಡಕು ಇರುವುದು ಮುಂದೆ. ದಿನಕ್ಕೆ ಹಲವು ಗ್ರಾಂ ನುಂಗಿದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರುಳು ಹೀರಿಕೊಳ್ಳುವುದಿಲ್ಲ, ಹೀರಿದ್ದನ್ನು ಯಕೃತ್ತು ಬೇಗನೆ ಬದಲಿಸಿಬಿಡುತ್ತದೆ. ಮೇಲಾಗಿ ಆ ಅಣು ಅಸ್ಥಿರ, ಮತ್ತು ಪರೀಕ್ಷೆಯ ಯಂತ್ರಗಳನ್ನೇ ದಾರಿತಪ್ಪಿಸುವ ಗುಣ ಅದಕ್ಕಿದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಅಲ್ಲಿಯವರೆಗಿನ ಸಂಶೋಧನೆಯನ್ನೆಲ್ಲ ತಿರುವಿ ಹಾಕಿ, ಕಟ್ಟುನಿಟ್ಟಾದ ಮಾನವ ಪ್ರಯೋಗದಲ್ಲಿ ಕರ್ಕ್ಯುಮಿನ್ ಯಾವ ರೋಗಕ್ಕೂ ಗೆದ್ದ ದಾಖಲೆ ಇಲ್ಲವೆಂದು ಬರೆಯಿತು. ಅಡುಗೆಯಲ್ಲಿ ಅರಿಶಿನ ಇರಲಿ. ಶಸ್ತ್ರಚಿಕಿತ್ಸೆಯ ದಿನವನ್ನು ಮುಂದಕ್ಕೆ ಹಾಕಿ ಅರಿಶಿನದ ಕಷಾಯ ಕುಡಿಯುವುದನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಬಾಯಿಯ ಹುಣ್ಣು ಸಣ್ಣದಿರುವಾಗ ಕತ್ತರಿಸಿ ತೆಗೆದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಅದು ಕತ್ತಿನ ಗಂಟಿಗೆ ಇಳಿದ ಮೇಲೆ ಆ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಷಾಯದಲ್ಲಿ ಕಳೆದ ಮೂರು ತಿಂಗಳ ಬೆಲೆ ಅಷ್ಟು.

ಗಿಡದಿಂದ ಮದ್ದು ಬರುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಮೈಸೂರು, ಮಂಡ್ಯದ ಮನೆಗಳ ಅಂಗಳದಲ್ಲಿ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪ, ಅಂದರೆ ಕಾಶಿ ಕಣಗಿಲೆ, ಮಕ್ಕಳ ರಕ್ತಕ್ಯಾನ್ಸರ್‌ನ ಚಿಕಿತ್ಸೆಯನ್ನೇ ಬದಲಿಸಿದ ಗಿಡ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಅದರಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತಿದ್ದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ರಕ್ತಕ್ಯಾನ್ಸರ್‌ನಲ್ಲಿ ಮಿತಿಮೀರಿ ಹೆಚ್ಚುವ ಬಿಳಿ ರಕ್ತಕಣಗಳು ಇಳಿದವು. ಅದನ್ನು ಗಮನಿಸಿದ್ದರಿಂದ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಅದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆಯುವ ಎಳೆಗಳು ಕಟ್ಟಿಕೊಳ್ಳದಂತೆ ಇವು ತಡೆಯುತ್ತವೆ. ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ನೂರಾರು ಕಿಲೋ ಒಣ ಎಲೆ ಬೇಕು. ಅದನ್ನು ಶುದ್ಧೀಕರಿಸಿ, ಅಳೆದು, ರಕ್ತನಾಳಕ್ಕೆ ಕೊಡುತ್ತಾರೆ. ಪ್ರಮಾಣ ಮೀರಿದರೆ ನರಗಳು ಹಾಳಾಗುತ್ತವೆ. ಅಂಗಳದ ಎಲೆಯನ್ನು ಅರೆದು ಕುಡಿದವರಿಗೆ ವಿಷವಾದೀತೇ ಹೊರತು ಚಿಕಿತ್ಸೆಯಾಗದು. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಕ್ಯಾಂಪ್ಟೊಥೆಸಿನ್ ಎಂಬ ಇಂಥದೇ ಉಪಯೋಗದ ಅಣು ಇದೆ. ಅದನ್ನು ರಾಸಾಯನಿಕವಾಗಿ ತಿದ್ದಿ ಮಾಡಿದ ಔಷಧಗಳು ಇಂದು ಕರುಳು ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಬಳಕೆಯಲ್ಲಿವೆ.

ತಟ್ಟೆ ದಾಟಿದ ಅಣು ಇಲಿಯ ಬಳಿಗೆ ಹೋಗುತ್ತದೆ. ಪ್ರಾಣಿ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಇಲಿ, ಏಕೆ ಅಷ್ಟು, ನೋವು ಹೇಗೆ ಕಡಿಮೆ ಮಾಡುತ್ತೀರಿ ಎಂದು ಬರೆದುಕೊಡಬೇಕು. ಮನುಷ್ಯನ ಕ್ಯಾನ್ಸರ್ ಕೋಶವನ್ನು ಸಾಮಾನ್ಯ ಇಲಿಗೆ ಚುಚ್ಚಿದರೆ ಅದರ ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಗುರುತಿಸಿ ನಾಶಮಾಡುತ್ತದೆ. ಹಾಗಾಗಿ ರೋಗನಿರೋಧಕ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯಿಲ್ಲದೆ ಹುಟ್ಟುವ, ಕೂದಲೂ ಇಲ್ಲದ ಇಲಿಗಳನ್ನು ದಶಕಗಳ ಕಾಲ ಬಳಸಿದರು. ಅವುಗಳಲ್ಲಿ ಗೆಡ್ಡೆ ಸೊಗಸಾಗಿ ಬೆಳೆಯುತ್ತಿತ್ತು, ಔಷಧ ಕೊಟ್ಟರೆ ಕರಗುತ್ತಿತ್ತು. ರೋಗನಿರೋಧಕ ಶಕ್ತಿ ಕ್ಯಾನ್ಸರನ್ನು ಹೇಗೆ ಎದುರಿಸುತ್ತದೆ ಎಂಬ ಪ್ರಶ್ನೆಗೆ ಮಾತ್ರ ಆ ಇಲಿಗಳಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಆ ಶಕ್ತಿಯ ಮುಖ್ಯ ಭಾಗವೇ ಅವುಗಳಲ್ಲಿ ಇರಲಿಲ್ಲ.

ಆ ಭಾಗಕ್ಕೆ ಟಿ ಕೋಶಗಳು ಎಂದು ಹೆಸರು. ಕಳೆದ ಮೂವತ್ತು ವರ್ಷಗಳ ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸ ಬಹುಮಟ್ಟಿಗೆ ಅವುಗಳ ಇತಿಹಾಸ.

ನಮ್ಮ ಪ್ರತಿ ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ತನ್ನ ಮೈಮೇಲೆ ಎತ್ತಿ ಹಿಡಿದಿರುತ್ತದೆ. ದೇವರಾಜ ಮಾರುಕಟ್ಟೆಯ ವ್ಯಾಪಾರಿ ಮೂಟೆಯೊಳಗಿನ ಸರಕಿನ ಒಂದು ಹಿಡಿಯನ್ನು ಮೇಲೆ ಹರವಿ ತೋರಿಸುವ ಹಾಗೆ. ಟಿ ಕೋಶ ಹಾದುಹೋಗುವಾಗ ಆ ಚೂರನ್ನು ಮುಟ್ಟಿ ನೋಡುತ್ತದೆ. ಎಂದಿನ ಚೂರಾದರೆ ಮುಂದೆ ಹೋಗುತ್ತದೆ. ವೈರಸ್ಸಿನದೋ, ತಪ್ಪಕ್ಷರದಿಂದ ವಿಕಾರಗೊಂಡ ಪ್ರೋಟೀನಿನದೋ ಆದರೆ ಅಲ್ಲೇ ನಿಂತು ಆ ಕೋಶವನ್ನು ಕೊಲ್ಲುತ್ತದೆ. ಹೊಗೆಸೊಪ್ಪು ಉಂಟುಮಾಡಿದ ತಪ್ಪುಗಳಲ್ಲಿ ಹಲವು ಹೀಗೆ ಹೊರಗೆ ಕಾಣಿಸುವಂಥವೇ. ಹಾಗಿದ್ದ ಮೇಲೆ ಕ್ಯಾನ್ಸರ್ ಹೇಗೆ ಉಳಿಯುತ್ತದೆ?

ಅದಕ್ಕೆ ಹಲವು ಉಪಾಯಗಳಿವೆ. ಕೆಲವು ಗೆಡ್ಡೆಗಳು ಚೂರುಗಳನ್ನು ತೋರಿಸುವುದನ್ನೇ ನಿಲ್ಲಿಸುತ್ತವೆ. ಇನ್ನು ಕೆಲವು ಟಿ ಕೋಶದ ಮೇಲೆ ಪ್ರಕೃತಿಯೇ ಇಟ್ಟಿರುವ ತಡೆಯನ್ನು ಒತ್ತಿ ಹಿಡಿಯುತ್ತವೆ. ಈ ತಡೆ ನಮಗೆ ಬೇಕಾದದ್ದೇ. ಅದಿಲ್ಲದಿದ್ದರೆ ಸೋಂಕು ಮುಗಿದ ಮೇಲೂ ಟಿ ಕೋಶಗಳು ನಿಲ್ಲದೆ ನಮ್ಮ ಕೀಲು, ಕರುಳು, ಥೈರಾಯ್ಡ್ ಮೇಲೆ ಬೀಳುತ್ತವೆ. ಜಪಾನಿನ ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಪಿಡಿ-1 ಎಂಬ ಇಂಥ ತಡೆಯನ್ನು ಕಂಡುಹಿಡಿಯಿತು. ಅಮೆರಿಕದ ಜೇಮ್ಸ್ ಆಲಿಸನ್ ಸಿಟಿಎಲ್‌ಎ-4 ಎಂಬ ಮತ್ತೊಂದು ತಡೆಯನ್ನು ಪ್ರತಿಕಾಯದಿಂದ ಮುಚ್ಚಿದರೆ ಇಲಿಯ ಗೆಡ್ಡೆಗಳು ಕರಗುವುದನ್ನು 1996ರಲ್ಲಿ ಪ್ರಕಟಿಸಿದರು. ಗೆಡ್ಡೆಯನ್ನು ಅವರು ಮುಟ್ಟಲೇ ಇಲ್ಲ. ಔಷಧ ಕೊಟ್ಟದ್ದು ಟಿ ಕೋಶಕ್ಕೆ. ಇಲಿಯಲ್ಲಿ ಕಂಡ ಆ ಫಲಿತಾಂಶ ಇಪಿಲಿಮುಮ್ಯಾಬ್ ಎಂಬ ಔಷಧವಾಗಿ ಅನುಮತಿ ಪಡೆದದ್ದು 2011ರಲ್ಲಿ. ನಡುವೆ 15 ವರ್ಷ. ನೊಬೆಲ್ ಪಡೆದ ಆವಿಷ್ಕಾರಕ್ಕೇ ಇಲಿಯಿಂದ ಮನುಷ್ಯನವರೆಗಿನ ದಾರಿ ಅಷ್ಟು ಉದ್ದವಾಗಿತ್ತು. ಇಬ್ಬರಿಗೂ 2018ರಲ್ಲಿ ಆ ಪ್ರಶಸ್ತಿ ಬಂತು.

ರೋಗನಿರೋಧಕ ಶಕ್ತಿಯನ್ನು ಕೆರಳಿಸಿ ಕ್ಯಾನ್ಸರ್ ಓಡಿಸುವ ಯೋಚನೆ ಇವರಿಗಿಂತ ಹಳೆಯದು. ನ್ಯೂಯಾರ್ಕ್‌ನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲೇ ರೋಗಿಗೆ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ಬರಿಸಿ ಗೆಡ್ಡೆ ಕರಗಿಸಲು ಯತ್ನಿಸಿದ್ದರು. ಆ ಯೋಚನೆಯ ಒಂದು ಕವಲು ಇಂದಿಗೂ ಬದುಕಿದೆ, ಅದಕ್ಕೂ ಮೈಸೂರಿಗೂ ನನಗೊಂದು ನಂಟು ಕಾಣುತ್ತದೆ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಸ್ಯಾನಟೋರಿಯಂ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿ, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಆ ಕ್ಷಯಕ್ಕೆ ಫ್ರಾನ್ಸಿನಲ್ಲಿ 1921ರಲ್ಲಿ ಮೊದಲ ಬಾರಿಗೆ ಮಗುವಿಗೆ ಕೊಟ್ಟ ಲಸಿಕೆ ಬಿಸಿಜಿ. ಇಂದು ಹುಟ್ಟಿದ ಪ್ರತಿ ಮಗುವಿನ ಎಡತೋಳಿಗೆ ಬೀಳುವುದು ಅದೇ. 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಅದನ್ನು ಮೂತ್ರಕೋಶದ ಮೇಲ್ಪದರದ ಕ್ಯಾನ್ಸರ್‌ಗೆ ಬಳಸಿ ಯಶಸ್ಸು ಕಂಡರು. ನಳಿಕೆಯ ಮೂಲಕ ಮೂತ್ರಕೋಶಕ್ಕೆ ಬಿಸಿಜಿ ದ್ರವ ತುಂಬಿ ಸುಮಾರು ಎರಡು ಗಂಟೆ ಹಿಡಿದಿಡಬೇಕು, ವಾರಕ್ಕೊಮ್ಮೆಯಂತೆ ಆರು ವಾರ. ಆ ದುರ್ಬಲ ಬ್ಯಾಕ್ಟೀರಿಯಾವನ್ನು ಕಂಡು ನುಗ್ಗಿ ಬರುವ ರೋಗನಿರೋಧಕ ಕೋಶಗಳು ಅಲ್ಲಿನ ಕ್ಯಾನ್ಸರ್ ಕೋಶಗಳನ್ನೂ ಮುಗಿಸುತ್ತವೆ. ಮೂತ್ರಕೋಶದ ಸ್ನಾಯುವಿಗೆ ಇನ್ನೂ ಇಳಿಯದ, ಮರುಕಳಿಸುವ ಅಪಾಯ ಹೆಚ್ಚಿರುವ ರೋಗಕ್ಕೆ ಇಂದಿಗೂ ವೈದ್ಯರು ಮೊದಲು ನೆನೆಯುವುದು ಇದನ್ನೇ.

ಪಿಡಿ-1 ತಡೆಯನ್ನು ಮುಚ್ಚುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಔಷಧಗಳು 2014ರಿಂದ ಬಳಕೆಯಲ್ಲಿವೆ. ಇವುಗಳ ಬೆಲೆ ನಮ್ಮ ಜನರ ಕೈಗೆಟುಕುವಂಥದ್ದಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಸಂಶೋಧನೆ ಹೊಸ ಅಣುವಿನದಲ್ಲ, ಹಳೆಯ ಅಣುವಿನ ಪ್ರಮಾಣದ್ದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಮುಂದುವರಿದ ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಅಗ್ಗದ ಮೂರು ಮಾತ್ರೆಗಳ ಚಿಕಿತ್ಸೆ. ಒಂದು ಗುಂಪಿಗೆ ಜೊತೆಯಲ್ಲಿ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಸಾಮಾನ್ಯವಾಗಿ ಕೊಡುವುದು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಎಂಬುದನ್ನು ನೆನೆದರೆ ಇದು ಹತ್ತನೇ ಒಂದು ಪಾಲೂ ಅಲ್ಲ. ವರ್ಷ ಕಳೆಯುವಾಗ ಬರೀ ಮಾತ್ರೆಯ ಗುಂಪಿನಲ್ಲಿ ಬದುಕಿದ್ದವರು ಶೇಕಡಾ 16.3. ನಿವೊಲುಮ್ಯಾಬ್ ಸೇರಿದ ಗುಂಪಿನಲ್ಲಿ ಶೇಕಡಾ 43.4. ಟಿ ಕೋಶಗಳ ಮೇಲಿನ ಪಿಡಿ-1ನ್ನು ಮುಚ್ಚಲು ಸ್ವಲ್ಪ ಔಷಧವೇ ಸಾಕಾಗುತ್ತದೆ ಎಂಬ ಜೀವಶಾಸ್ತ್ರದ ತಿಳಿವಳಿಕೆ ಇದರ ಹಿಂದಿತ್ತು. ಈ ಪ್ರಯೋಗ ಕಡಿಮೆ ಪ್ರಮಾಣವನ್ನು ಪೂರ್ಣ ಪ್ರಮಾಣದೊಂದಿಗೆ ಹೋಲಿಸಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ಪೂರ್ಣ ಪ್ರಮಾಣ ಕೊಳ್ಳಲಾಗದೆ ಏನೂ ಸಿಗದೆ ಹೋಗುತ್ತಿದ್ದ ರೋಗಿಗೆ ಈ ಫಲಿತಾಂಶ ದೊಡ್ಡದು. ಹೊಗೆಸೊಪ್ಪಿನ ಕ್ಯಾನ್ಸರ್ ಹೊತ್ತ ನಮ್ಮಂಥ ಜಿಲ್ಲೆಗಳಿಗೆ ಬೇಕಾದದ್ದು ಈ ಜಾತಿಯ ಪ್ರಶ್ನೆಗಳು.

ಟಿ ಕೋಶವನ್ನು ಹೊರತೆಗೆದು ತಿದ್ದುವ ಚಿಕಿತ್ಸೆ ಇನ್ನೊಂದು. ಅದರ ಹೆಸರು ಕಾರ್-ಟಿ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ನಿರಪಾಯಗೊಳಿಸಿದ ವೈರಸ್ಸಿನ ಮೂಲಕ ಅವುಗಳಿಗೆ ಹೊಸ ವಂಶವಾಹಿಯನ್ನು ಸೇರಿಸುತ್ತಾರೆ. ಬಿ ಕೋಶಗಳೆಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳಲ್ಲಿ ಕೆಲವು ರಕ್ತಕ್ಯಾನ್ಸರ್‌ಗಳು ಹುಟ್ಟುತ್ತವೆ. ತಿದ್ದಿದ ಟಿ ಕೋಶಗಳು ಈ ಬಿ ಕೋಶಗಳ ಮೇಲಿರುವ ಸಿಡಿ19 ಎಂಬ ಗುರುತನ್ನು ಹುಡುಕಿಕೊಂಡು ಹೋಗುತ್ತವೆ. ಕೋಶಗಳನ್ನು ಬೆಳೆಸಿ ಮತ್ತೆ ಅದೇ ರೋಗಿಗೆ ಕೊಡುತ್ತಾರೆ. 2012ರಲ್ಲಿ ಅಮೆರಿಕದ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿ ಇದನ್ನು ಪಡೆದ ಮೊದಲ ಮಗು. ಕೊಟ್ಟ ಮೇಲೆ ಟಿ ಕೋಶಗಳ ಅಬ್ಬರದಿಂದ ಆಕೆ ಸಾವಿನ ಅಂಚಿಗೆ ಹೋದಳು, ಸಂಧಿವಾತಕ್ಕೆ ಕೊಡುವ ಟೊಸಿಲಿಜುಮ್ಯಾಬ್ ಆಕೆಯನ್ನು ಉಳಿಸಿತು. ಆ ಅಬ್ಬರ ಇಂದಿಗೂ ಈ ಚಿಕಿತ್ಸೆಯ ಮುಖ್ಯ ಅಪಾಯ.

ಭಾರತದ ಸ್ವಂತ ಕಾರ್-ಟಿ, ನೆಕ್ಸ್‌ಕಾರ್19, ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಜಂಟಿ ಶ್ರಮ. 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ವಿದೇಶದಲ್ಲಿ ಕೋಟಿಗಟ್ಟಲೆ ಬೀಳುವ ಚಿಕಿತ್ಸೆ ಇಲ್ಲಿ ಅದರ ಸಣ್ಣ ಪಾಲಿಗೆ ಬಂದಿದೆ. ಆದರೂ ಲಕ್ಷಗಳ ಲೆಕ್ಕದಲ್ಲೇ ಇದೆ. ಇದು ಕೆಲವು ಬಗೆಯ ರಕ್ತಕ್ಯಾನ್ಸರ್ ಮತ್ತು ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗಳಿಗೆ, ಅದೂ ಬೇರೆ ಚಿಕಿತ್ಸೆ ಸೋತ ಮೇಲೆ. ಬಾಯಿ, ಸ್ತನ, ಶ್ವಾಸಕೋಶದ ಗಟ್ಟಿ ಗೆಡ್ಡೆಗಳಿಗೆ ಇದೇ ಉಪಾಯ ಇನ್ನೂ ಒಲಿದಿಲ್ಲ. ಬಿ ಕೋಶಗಳೆಲ್ಲ ಸತ್ತರೂ ಮನುಷ್ಯ ಬದುಕಬಲ್ಲ. ಆದರೆ ಸ್ತನದ ಗೆಡ್ಡೆಯ ಮೇಲಿನ ಗುರುತು ಹೃದಯದಲ್ಲೋ ಶ್ವಾಸಕೋಶದಲ್ಲೋ ಸ್ವಲ್ಪ ಇದ್ದರೂ ಟಿ ಕೋಶ ಅಲ್ಲಿಗೂ ಹೋಗುತ್ತದೆ.

ಮನುಷ್ಯರ ಮೇಲಿನ ಪ್ರಯೋಗದ ಹಂತಗಳನ್ನು ಬೇಗನೆ ಹೇಳಿಬಿಡುತ್ತೇನೆ. ಮೊದಲ ಹಂತದಲ್ಲಿ ಕೆಲವೇ ರೋಗಿಗಳು, ನೋಡುವುದು ಸುರಕ್ಷತೆ ಮತ್ತು ಪ್ರಮಾಣ. ಎರಡನೆಯದರಲ್ಲಿ ಕೆಲಸ ಮಾಡುವ ಲಕ್ಷಣ ಇದೆಯೇ ಎಂದು. ಮೂರನೆಯದರಲ್ಲಿ ಈಗಿರುವ ಒಳ್ಳೆಯ ಚಿಕಿತ್ಸೆಯ ಎದುರು ಹೋಲಿಕೆ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ. ಮೊದಲ ಹಂತಕ್ಕೆ ಕಾಲಿಟ್ಟ ಕ್ಯಾನ್ಸರ್ ಔಷಧಗಳಲ್ಲಿ ಕೊನೆಗೆ ಅನುಮತಿ ಪಡೆಯುವುದು ನೂರಕ್ಕೆ ಸುಮಾರು ಐದು. ತಟ್ಟೆ, ಇಲಿ ಎರಡನ್ನೂ ಗೆದ್ದು ಬಂದವುಗಳ ಗತಿ ಇದು. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ ಎಂಬ ಸರ್ಕಾರಿ ಪಟ್ಟಿಯಲ್ಲಿ ದಾಖಲಾಗಿರಬೇಕು. ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ‘ಹೊಸ ಪ್ರಯೋಗ ನಡೆಯುತ್ತಿದೆ, ಇಷ್ಟು ಲಕ್ಷ ಕಟ್ಟಿ ಸೇರಿಕೊಳ್ಳಿ’ ಎಂದು ಯಾರಾದರೂ ಕರೆದರೆ ಆ ಪಟ್ಟಿಯ ನೋಂದಣಿ ಸಂಖ್ಯೆ ಕೇಳಿ. ಪರೀಕ್ಷೆಯಲ್ಲಿರುವ ಔಷಧಕ್ಕೆ ರೋಗಿಯಿಂದ ಹಣ ಕೇಳುವುದೇ ಎಚ್ಚರಗೊಳ್ಳಲು ಸಾಕಾದ ಕಾರಣ.

ಪ್ರಯೋಗಾಲಯದೊಂದಿಗೆ ನಮ್ಮಲ್ಲಿ ಹೆಚ್ಚಿನವರಿಗೆ ನೇರ ಸಂಬಂಧ ಬರುವುದು ಔಷಧದಿಂದಲ್ಲ, ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಸಹಿ ಹಾಕುವ ಕಾಗದದಿಂದ. ತೆಗೆದ ಗೆಡ್ಡೆಯ ಚೂರನ್ನು ರೋಗನಿರ್ಣಯಕ್ಕೆ ಬಳಸಿ ಉಳಿದದ್ದನ್ನು ಸಂಶೋಧನೆಗೆ ಇಟ್ಟುಕೊಳ್ಳಲು ಒಪ್ಪಿಗೆ ಕೇಳುವ ಹಾಳೆ ಅದರಲ್ಲಿ ಇರಬಹುದು. ಹೆನ್ರಿಯೆಟಾ ಲ್ಯಾಕ್ಸ್ ಅವರನ್ನು ಅಂದು ಯಾರೂ ಕೇಳಲಿಲ್ಲ. ಆಕೆಯ ಕೋಶಗಳು ಲೋಕವೆಲ್ಲ ಹರಡಿದ್ದು ಮನೆಯವರಿಗೆ ತಿಳಿದದ್ದು ಎರಡು ದಶಕಗಳ ಮೇಲೆ. ಇಂದು ಕೇಳುವುದು ಕಡ್ಡಾಯ.

ಆ ಚೂರಿಗೆ ಏಕೆ ಬೆಲೆಯಿದೆ ಎಂದರೆ, ಲೋಕದ ಕ್ಯಾನ್ಸರ್ ವಂಶವಾಹಿ ದತ್ತಾಂಶದ ಬಹುಪಾಲು ಪಾಶ್ಚಾತ್ಯ ರೋಗಿಗಳದ್ದು. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಬೃಹತ್ ಯೋಜನೆ 33 ಬಗೆಯ ಕ್ಯಾನ್ಸರ್‌ಗಳ 11,000ಕ್ಕೂ ಹೆಚ್ಚು ರೋಗಿಗಳ ಗೆಡ್ಡೆಗಳನ್ನು ಓದಿತು. ಹೊಗೆಸೊಪ್ಪನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಂಡು ಬಂದ ಕ್ಯಾನ್ಸರ್ ಅಲ್ಲಿ ಅಪರೂಪ. ಅದನ್ನು ಓದುವ ಹೊಣೆಯನ್ನು ಅಂತರರಾಷ್ಟ್ರೀಯ ಒಕ್ಕೂಟದಲ್ಲಿ ಭಾರತ ವಹಿಸಿಕೊಂಡು, ಮೊದಲ ಫಲಿತಾಂಶಗಳನ್ನು 2013ರಲ್ಲಿ ಪ್ರಕಟಿಸಿತು. ಪಿ53 ಅಲ್ಲೂ ಮುರಿದಿತ್ತು, ಜೊತೆಗೆ ಬೇರೆಡೆ ಅಷ್ಟಾಗಿ ಕಾಣದ ವಂಶವಾಹಿಗಳಲ್ಲೂ ತಪ್ಪುಗಳಿದ್ದವು.

ಹಾಗಾಗಿ ಆ ಹಾಳೆ ಕೈಗೆ ಬಂದಾಗ ಓದಿಸಿಕೊಂಡು ಕೇಳಬೇಕಾದದ್ದು ಇಷ್ಟು. ಚೂರು ಎಲ್ಲಿ ಇರುತ್ತದೆ, ಹೆಸರು ಗುಟ್ಟಾಗಿ ಉಳಿಯುತ್ತದೆಯೇ, ಬೇರೆ ಸಂಸ್ಥೆಗೆ ಕೊಡುತ್ತಾರೆಯೇ, ಚಿಕಿತ್ಸೆಗೆ ಉಪಯೋಗವಾಗುವ ಸಂಗತಿ ಏನಾದರೂ ಕಂಡರೆ ನಮಗೆ ತಿಳಿಸುತ್ತಾರೆಯೇ. ಒಪ್ಪಿಗೆಯನ್ನು ಆಮೇಲೆ ಹಿಂಪಡೆಯಬಹುದು. ಒಪ್ಪದಿದ್ದರೂ ಮರುದಿನದ ಶಸ್ತ್ರಚಿಕಿತ್ಸೆ ನಡೆಯಲೇಬೇಕು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ವಿವರಿಸಿ ಎಂದು ಕೇಳುವುದು ರೋಗಿಯ ಹಕ್ಕು, ವಿವರಿಸುವುದು ಅವರ ಕರ್ತವ್ಯ.